ಒಂದು ಅಂದ್ರ ಒಂದು

ಹುಬ್ಬಳ್ಳಿಯ ರಬ್ಬರ್ ಮುದ್ರೆ ಮಾಡುವವನು ಅಕ್ಷರಕ್ಕೆ ಇಷ್ಟು ಅಂತ ಕೂಲಿ ಹೇಳಿದ. ನಾನು ಬರೆದುಕೊಂಡು ಹೋಗಿದ್ದ ಕಾಗದದಲ್ಲಿ ಮೇಲೆ ನನ್ನ ಗಿರಣಿಯ ಹೆಸರು, ಅದರ ಕೆಳಗೆ ‘ಒಂದು ಸೇರು’ ಎಂದಿತ್ತು. ಬೆರಳು ಮಡಚಿ ಅಕ್ಷರ ಎಣಿಸಿ, ಕೊನೆಯ ಎರಡಕ್ಷರದ ಮೇಲೆ ಗೆರೆ ಎಳೆದೆ.

“ಬರೇ ಒಂದು ಅಂದ್ರ ಮಂದಿ ಏನ್ ತಿಳ್ಕೋಬೇಕ್ರಿ? ಒಂದು ಏನು?” ಅಂದ ಅವನು.

“ಒಂದು ಅಂದ್ರ ಒಂದು. ನಮ್ಮೂರಾಗ ಎಲ್ಲಾರಿಗೂ ತಿಳೀತೈತಿ,” ಅಂದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ತಿರ್ಲಾಪುರದಲ್ಲಿ ನನ್ನದು ಹಿಟ್ಟಿನ ಗಿರಣಿ. ಒಂದು ಡೀಸೆಲ್ ಎಂಜಿನ್, ಒಂದು ಜೋಡಿ ಕಲ್ಲು, ಎರಡನ್ನೂ ಕೂಡಿಸುವ ಉದ್ದನೆಯ ಪಟ್ಟಾ, ಮೇಲೆ ತಗಡು. ಸೇರು ಜೋಳ ಬೀಸಲು ನಾಲ್ಕಾಣೆ. ಆಗ ಎಲ್ಲಿ ನೋಡಿದರೂ ಚಿಲ್ಲರೆ ಇಲ್ಲ. ಬಸ್ಸಿನ ಕಂಡಕ್ಟರ್ ಉಳಿದ ಪೈಸೆಯನ್ನು ಟಿಕೀಟಿನ ಬೆನ್ನಿಗೆ ಬರೆದು ಕೊಡುತ್ತಿದ್ದ, ಕಿರಾಣಿ ಅಂಗಡಿಯವನು ಪೆಪ್ಪರಮಿಂಟು ಕೊಡುತ್ತಿದ್ದ. ನನ್ನ ಗಿರಣಿಗೆ ಮೂರು ಸೇರು ಜೋಳ ತಂದವಳು ಒಂದು ರೂಪಾಯಿಯ ನೋಟು ಚಾಚಿದರೆ ತಿರುಗಿ ಕೊಡಲು ನನ್ನ ಬಳಿ ನಾಲ್ಕಾಣೆ ಇರುತ್ತಿರಲಿಲ್ಲ. ಬೀಸಿದ ಕೆಲಸದ ಬಾಕಿಗೆ ಪೆಪ್ಪರಮಿಂಟು ಕೊಡಲು ಕೈ ಬರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಾದರೂ ಅಳತೆಯಲ್ಲಿ, ಲೆಕ್ಕದಲ್ಲಿ ನನ್ನತ್ತ ಬೆರಳು ತೋರಿಸಿದವರು ಸುತ್ತಲಿನ ಹಳ್ಳಿಯಲ್ಲಿ ಯಾರೂ ಇರಲಿಲ್ಲ.

ಅದಕ್ಕೇ ಚೀಟಿ ಮಾಡಿದೆ. ಬಟ್ಟೆ ಅಂಗಡಿಯಿಂದ ರಟ್ಟಿನ ಖಾಲಿ ಡಬ್ಬಿ ತಂದು, ಎರಡು ಬೆರಳಿನಗಲ ಕತ್ತರಿಸಿ, ಒಂದೊಂದರ ಮೇಲೂ ನೇರಳೆ ಮಸಿಯ ಮುದ್ರೆ ಒತ್ತಿದೆ. ನಾಲ್ಕಾಣೆ ತಿರುಗಿ ಕೊಡಬೇಕಾದಲ್ಲಿ ಒಂದು ಚೀಟಿ. ಮುಂದಿನ ಸಲ ಚೀಟಿ ತಂದರೆ ಒಂದು ಸೇರು ಬೀಸಿ ಕೊಡುವುದು. ಬೀಸುವುದು ಬೇಡ ಅಂದವರಿಗೆ ನಾಲ್ಕು ಚೀಟಿಗೆ ರೂಪಾಯಿ ನೋಟು. ಇಷ್ಟೇ ಕರಾರು.

ಗಿರಣಿಯ ಬಾಗಿಲ ಪಕ್ಕದಲ್ಲಿ ಒಬ್ಬ ವಿಧವೆ ಹೆಂಗಸು ಕುಳಿತಿರುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಅಕ್ಕ ಅನ್ನುತ್ತಿದ್ದೆ. ಬೀಸಲು ಬಂದವರ ಕಾಳನ್ನು ಮೊರದಲ್ಲಿ ಕೇರಿ, ಕಲ್ಲು ಕಸ ಆರಿಸಿ ಹಸನು ಮಾಡಿಕೊಡುವುದು ಅವಳ ಕೆಲಸ. ಮೊದಲು ಅವಳಿಗೆ ಸಿಗುತ್ತಿದ್ದದ್ದು ಬೊಗಸೆ ಕಾಳು. ಚೀಟಿ ಬಂದ ಮೇಲೆ ಎರಡು ಸೇರು ಹಸನು ಮಾಡಿದರೆ ಒಂದು ಚೀಟಿ ಅಂತಾಯಿತು. ಮೊದಲನೆಯ ದಿನ ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಅಣ್ಣಾರ, ಇದನ್ನ ಭಾಳ ದಿನ ಇಟ್ಕೊಂಡ್ರ ನಡೀತೈತೇನ್ರಿ?”

“ಎಷ್ಟ ದಿನರೆ ಇಟ್ಕೊ ಅಕ್ಕಾ. ನೋಟು ಹರೀತೈತಿ, ನನ್ನ ಮಾತು ಹರಿಯೂದಿಲ್ಲ.”

ನಿಂತವರೆಲ್ಲ ನಕ್ಕರು. ಆಡಿದ ಮಾತು ನನಗೇ ಹಿಡಿಸಿತ್ತು. ಆಮೇಲೆ ಎಷ್ಟೋ ಜನರ ಮುಂದೆ ಅದನ್ನೇ ಹೇಳಿದೆ.

ಅವಳು ಯಾಕೆ ಕೇಳಿದಳು ಅನ್ನುವುದು ಕೆಲವು ತಿಂಗಳಿಗೆ ತಿಳಿಯಿತು. ಇದ್ದೊಬ್ಬ ಮಗಳನ್ನು ಅಣ್ಣಿಗೇರಿಯ ಕಡೆ ಕೊಟ್ಟಿದ್ದಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಐದನೆಯ ತಿಂಗಳಿಗೆ ಕೂಸಿನೊಡನೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕು. ಅದೂ ಕಲಘಟಗಿಯ ಬಣ್ಣದ ತೊಟ್ಟಿಲಾದರೆ ಬೀಗರ ಪಡಸಾಲೆಯಲ್ಲಿ ಮಗಳು ತಲೆ ಎತ್ತಿ ನಡೆಯುತ್ತಾಳೆ. ಆ ತೊಟ್ಟಿಲಿಗೆ ಇನ್ನೂರ ನಲವತ್ತು ರೂಪಾಯಿ ಅಂತ ಯಾರಿಂದಲೋ ಕೇಳಿಸಿಕೊಂಡಿದ್ದಳು. ಮಗಳು ಇನ್ನೂ ಬಸುರಿಯೂ ಆಗಿರಲಿಲ್ಲ, ಇವಳು ಚೀಟಿ ಕೂಡಿಸಲು ಹತ್ತಿದ್ದಳು. ನಲವತ್ತು ಚೀಟಿಗೊಂದು ಕಟ್ಟು, ಹತ್ತಿಯ ನೂಲಿನಿಂದ ಕಟ್ಟಿ ಗಡಿಗೆಯಲ್ಲಿ ಇಡುತ್ತಿದ್ದಳು. ಒಂದು ಕಟ್ಟು ಅಂದರೆ ಹತ್ತು ರೂಪಾಯಿ. ಇಪ್ಪತ್ನಾಲ್ಕು ಕಟ್ಟು ಆದರೆ ತೊಟ್ಟಿಲು.

ಚೀಟಿ ನಾನು ಅಂದುಕೊಂಡಷ್ಟಕ್ಕೆ ನಿಲ್ಲಲಿಲ್ಲ. ಮೊದಲು ಚಾದಂಗಡಿಯವನು ತೆಗೆದುಕೊಂಡ. ಹೇಗಿದ್ದರೂ ಅವನ ಮನೆಯ ಜೋಳ ನನ್ನಲ್ಲೇ ಬೀಸಬೇಕು. ಆಮೇಲೆ ಕ್ಷೌರ ಮಾಡುವವನು: ಒಂದು ಗಡ್ಡಕ್ಕೆ ಒಂದು ಚೀಟಿ. ಆಮೇಲೆ ಕಿರಾಣಿ ಅಂಗಡಿ. ವರ್ಷ ತುಂಬುವುದರೊಳಗೆ ಮಠದ ಹುಂಡಿಯಲ್ಲೂ ಬಿದ್ದವು. ಮಠದ ಅಜ್ಜಾರು ಒಂದು ಬಟ್ಟಲು ತುಂಬ ಚೀಟಿ ಕಳಿಸಿ, “ದಾಸೋಹದ ಗೋದಿ ಬೀಸಬೇಕಂತ” ಅಂತ ಹೇಳಿಸಿದರು. ಆ ದಿನ ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ ಗೋದಿಯನ್ನು ಎರಡು ಸಲ ಬೀಸಿ ಮೈದಾದಂತೆ ಮಾಡಿ ಕಳಿಸಿದೆ. ದೇವರೂ ನನ್ನ ಮುದ್ರೆ ಒಪ್ಪಿದ ಮೇಲೆ ಇನ್ನು ಯಾರು ಒಪ್ಪಬೇಕು?

ಹತ್ತಿ ಬಿಡಿಸುವ ದಿನಗಳು ಬಂದವು. ದೊಡ್ಡ ಹೊಲದ ಯಜಮಾನರೊಬ್ಬರು ಗಿರಣಿಗೆ ಬಂದು ನಿಂತರು. ನಲವತ್ತು ಹೆಣ್ಣಾಳಿಗೆ ದಿನಾ ಸಂಜೆ ಕೂಲಿ ಹಂಚಬೇಕು, ಅವರಲ್ಲಿ ಚಿಲ್ಲರೆ ಇಲ್ಲ.

“ನಿನ್ನ ಚೀಟಿನ ಕೊಡಪಾ ಇನ್ನೂರ ರೂಪಾಯಿವು. ಆಳಿನ ಮಂದಿ ಒಲ್ಲೆ ಅನ್ನಂಗಿಲ್ಲ. ಊರಾಗ ನಂದಕಿಂತ ನಿಂದ ಮುದ್ರಿ ಭಾಳ ನಡ್ಯಾಕತ್ತೇತಿ,” ಅಂದರು. ನಗುತ್ತಲೇ ಅಂದರು, ಆದರೆ ಅಂದರು.

ಎಂಟುನೂರು ಚೀಟಿ ಒತ್ತಿ ಕೊಟ್ಟೆ. ಇನ್ನೂರು ರೂಪಾಯಿ ಗರಿ ನೋಟು ಕೈಗೆ ಬಂತು. ಅಷ್ಟು ಸೇರು ಬೀಸುವ ಕೆಲಸ ಇನ್ನೂ ಆಗಿಲ್ಲ, ರೊಕ್ಕ ಮೊದಲೇ ಬಂದಿದೆ. ಈಗ ಎಲ್ಲರೂ ಬರುತ್ತಾರೆ ಅಂತ ಡೀಸೆಲ್ ತುಂಬಿಸಿ ಕಾದೆ. ಬರಲಿಲ್ಲ. ಬಂದದ್ದು ಹತ್ತರಲ್ಲಿ ಮೂರು ಚೀಟಿ. ಉಳಿದವು ಆಳಿನಿಂದ ಅಂಗಡಿಗೆ, ಅಂಗಡಿಯಿಂದ ಕ್ಷೌರಕ್ಕೆ, ಅಲ್ಲಿಂದ ಚಹಕ್ಕೆ ಊರಲ್ಲೇ ಸುತ್ತುತ್ತಿದ್ದವು. ಅವುಗಳ ಬದಲಿನ ನೋಟು ನನ್ನ ತಗಡಿನ ಡಬ್ಬಿಯಲ್ಲಿ ಸುಮ್ಮನೆ ಕುಳಿತಿತ್ತು.

ಸುಮ್ಮನೆ ಕುಳಿತ ರೊಕ್ಕ ನೋಡಿಕೊಂಡು ಸುಮ್ಮನಿರುವ ಗಂಡಸಲ್ಲ ನಾನು. ಖಾರ ಕುಟ್ಟುವ ಯಂತ್ರ ತರಬೇಕು ಅನ್ನುವುದು ಬಹುದಿನದ ಆಸೆ. ಬೇಸಿಗೆಗೆ ಎಲ್ಲರ ಮನೆಯ ಮೆಣಸಿನಕಾಯಿ ನವಲಗುಂದಕ್ಕೆ ಹೋಗುತ್ತಿತ್ತು. ಡಬ್ಬಿಯ ರೊಕ್ಕ ಮುಂಗಡಕ್ಕೆ ಸಾಕು; ಉಳಿದದ್ದಕ್ಕೆ ಬ್ಯಾಂಕಿಗೆ ಹೋದೆ. ಆ ದಿನಗಳಲ್ಲಿ ಸಾಲ ಕೇಳಿದವರನ್ನು ಬ್ಯಾಂಕಿನವರು ಕುರ್ಚಿ ಹಾಕಿ ಕೂಡಿಸುತ್ತಿದ್ದರು. ಮ್ಯಾನೇಜರು ಧಾರವಾಡದ ಕಡೆಯವರು, ಮಿತಭಾಷಿ. ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಹೊಸ ಪಾಸುಬುಕ್ಕು ತೆರೆದು ನಾಲ್ಕು ಸಾವಿರ ಅಂತ ಬರೆದರು. ನನ್ನ ಕಡೆ ಸರಿಸಿದರು.

ನಾನು ತಿಜೋರಿಯ ಕಡೆ ನೋಡಿದೆ. ಯಾರೂ ಏಳಲಿಲ್ಲ.

“ರೊಕ್ಕ ಎಲ್ಲೈತ್ರಿ ಸಾಹೇಬ್ರ?”

“ಇಲ್ಲೇ ಐತಲ್ಲ. ಬರ್ದೀನಿ.”

“ಅಲ್ರಿ, ಇದು ಯಾರದ್ದು? ಯಾರೋ ಇಟ್ಟಿದ್ದನ್ನ ತಗದು ನನಗ ಕೊಟ್ರೋ ಹೆಂಗ?”

ಅವರು ಕನ್ನಡಕ ತೆಗೆದರು. “ಯಾರ ಪುಸ್ತಕದಾಗೂ ಒಂದ ಪೈಸೆ ಕಡಿಮಿ ಆಗಿಲ್ಲ. ನೀವು ಸಹಿ ಮಾಡಿದ್ರಿ, ನಾ ಬರದೆ. ಅದಕ್ಕ ಹುಟ್ಟೇತಿ. ನಿನ್ನಿ ತನಕ ಇದು ಇದ್ದಿದ್ದ ಇಲ್ಲ. ಯಾರದ್ದೂ ಅಲ್ಲ.”

“ಹಂಗಾರ ನಿಮ್ಮದೂ ನನ್ನ ಚೀಟಿ ಧಂದೇನ ಅನ್ರಿ.”

ಚೀಟಿಯ ಸಂಗತಿ ಅವರಿಗೂ ಗೊತ್ತಿತ್ತು. “ಹತ್ತಿರ ಹತ್ತಿರ. ಆದ್ರ ನಾವು ಎಷ್ಟ ಬರೀಬೇಕು ಅಂತ ನಮ್ಮ ಮ್ಯಾಲೆ ಕೇಳಾವ್ರು ಅದಾರ. ನಿಮ್ಮನ್ನ ಯಾರು ಕೇಳ್ತಾರ?” ಅಂದರು. ನಾನು ಎದ್ದು ನಿಂತ ಮೇಲೆ ಮತ್ತೊಂದು ಮಾತು ಹೇಳಿದರು. “ಹುಟ್ಟಸೂದು ಹಗೂರ ಐತ್ರಿ. ಅದು ಸಾಯೂದು ಮಾತ್ರ ಯಾರದರೆ ಬೆವರಿನಾಗ.”

ಈ ಕೊನೆಯ ಮಾತನ್ನು ಅರ್ಧ ಕೇಳಿಸಿಕೊಂಡೆ. ಮೊದಲಿನ ಮಾತು ಪೂರ್ತಿ ತಲೆಗೆ ಹೋಯಿತು: ಬರೆದರೆ ಹುಟ್ಟುತ್ತದೆ.

ಯಂತ್ರ ಬಂತು. ಅದಕ್ಕೊಂದು ಕೋಣೆ ಬೇಕಾಯಿತು. ಗೌಂಡಿಗೆ ಚೀಟಿ ಕೊಟ್ಟೆ, ಬಡಿಗನಿಗೆ ಚೀಟಿ ಕೊಟ್ಟೆ, ಕಲ್ಲು ತಂದ ಚಕ್ಕಡಿಯವನಿಗೆ ಚೀಟಿ ಕೊಟ್ಟೆ. ಅವರು ಒಲ್ಲೆ ಅನ್ನಲಿಲ್ಲ. ಮೊದಲಾದರೆ ನಾನು ಚೀಟಿ ಒತ್ತುತ್ತಿದ್ದದ್ದು ಯಾರೋ ರೂಪಾಯಿ ಕೊಟ್ಟು ಚಿಲ್ಲರೆ ಬಿಟ್ಟಾಗ. ಈಗ ನನಗೆ ಏನಾದರೂ ಬೇಕಾದಾಗ ಒತ್ತತೊಡಗಿದೆ. ಎರಡಕ್ಕೂ ಎಷ್ಟು ಅಂತರ ಇದೆ ಅಂತ ಆಗ ನೋಡಲಿಲ್ಲ. ಒತ್ತುವ ಕೈ ಅದೇ, ಮಸಿ ಅದೇ, ಸದ್ದು ಅದೇ. ಎಷ್ಟು ಒತ್ತಿದೆ ಅಂತ ಎಲ್ಲೂ ಬರೆದಿಡಲಿಲ್ಲ.

ಆ ಮಳೆಗಾಲದಲ್ಲಿ ಅಕ್ಕನ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಅಕ್ಕ ಗಿರಣಿಗೆ ಬಂದವರಿಗೆಲ್ಲ ಬೆಲ್ಲದ ಹರಳು ಹಂಚಿದಳು. ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಇಪ್ಪತ್ತೊಂದು ಕಟ್ಟು ಆಗ್ಯಾವ್ರಿ. ದೀಪಾವಳಿ ಮುಂದ ಮೂರು ಆದ್ರ ಮುಗೀತು,” ಅಂದಳು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಒಂದು ದಿನ ಗಡ್ಡ ಮಾಡಿಸಿಕೊಂಡು ಎದ್ದು ಒಂದು ಚೀಟಿ ಇಟ್ಟೆ. ಕ್ಷೌರದವನು ಕೈ ಚಾಚಿಯೇ ಇದ್ದ.

“ಇನ್ನೊಂದು ಬಿಡ್ರಿ.”

“ಯಾಕಲೇ, ಗಡ್ಡ ಎರಡು ಆಗ್ಯಾವೇನು ನನಗ?”

“ಗಡ್ಡ ಒಂದ ಐತ್ರಿ. ಚೀಟಿ ಭಾಳ ಆಗ್ಯಾವು. ನಾಣ್ಯ ಆದ್ರ ನಾಕಾಣೆ, ಚೀಟಿ ಆದ್ರ ಎರಡು. ಚಾದಂಗಡ್ಯಾಗೂ ಹಂಗ ಮಾಡ್ಯಾರ, ಕೇಳ್ರಿ ಬೇಕಾರ.”

“ನನ್ನ ಚೀಟಿಗೆ ಬೆಲಿ ಕಟ್ಟಾಂವ ನೀ ಯಾರಲೇ?”

ಅವನು ಕತ್ತಿ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ. “ಸಿಟ್ಟಾಗಬ್ಯಾಡ್ರಿ. ನಿಮ್ಮ ಚೀಟಿ ಗಡ್ಡ ಇದ್ದಂಗ ಆಗ್ಯಾವು. ತಗದಷ್ಟೂ ಬರತಾವು.”

ಕಟ್ಟೆಯ ಮೇಲೆ ಕುಳಿತವರು ನಕ್ಕರು. ಎರಡನೆಯ ಚೀಟಿ ಇಟ್ಟು ಬಂದೆ. ಶಾಲೆ ಬಿಟ್ಟ ದಿನ ಮಾಸ್ತರರು ದಡ್ಡ ಅಂದದ್ದಕ್ಕೂ ಅಷ್ಟು ಉರಿದಿರಲಿಲ್ಲ.

ಆ ನಗು ಊರೆಲ್ಲ ಹಬ್ಬಿತು. ಚೀಟಿ ಕೈಯಲ್ಲಿ ಇಟ್ಟುಕೊಂಡರೆ ಸವೆಯುತ್ತದೆ ಅನ್ನಿಸಿದವರೆಲ್ಲ ಅದನ್ನು ನನ್ನಲ್ಲಿಗೇ ತಂದರು. ಎಲ್ಲರಿಗಿಂತ ಮೊದಲು ಬಂದದ್ದು ದೊಡ್ಡ ಹೊಲದ ಯಜಮಾನರ ಚಕ್ಕಡಿ. ಸುಗ್ಗಿಯಲ್ಲಿ ಆಳಿಗೆ ಹಂಚಿದ ಚೀಟಿ ಅವರ ಅಂಗಡಿ ಮನೆಯ ಮೂಲಕ ಅವರಲ್ಲಿಗೇ ತಿರುಗಿ ಹೋಗಿದ್ದವು. ಚೀಲಗಟ್ಟಲೆ ಜೋಳ, ಗೋದಿ, ಕಡಲೆ ಇಳಿಸಿ, ಎಲ್ಲದಕ್ಕೂ ಚೀಟಿ ಎಣಿಸಿ ಕೊಟ್ಟರು. ಒಂದಕ್ಕೆ ಒಂದು ಸೇರು, ಪೂರ್ತಿ. ಮೂರು ದಿನ ಅವರದೊಂದೇ ಬೀಸಿದೆ. ಮೊದಲು ಹಿಡಿದವರಿಗೆ ಒಂದು ಒಂದೇ ಆಗಿತ್ತು.

ಆಮೇಲೆ ಬಾಗಿಲಿಗೆ ಸಾಲು ಹತ್ತಿತು. ಬೆಳಗಿನಿಂದ ಸಂಜೆತನಕ ಬೀಸಿದರೂ ಡಬ್ಬಿಯಲ್ಲಿ ಬೀಳುವುದು ರಟ್ಟು. ಡೀಸೆಲ್ಲಿನವನು ರಟ್ಟು ತೆಗೆದುಕೊಳ್ಳುವುದಿಲ್ಲ, ಬ್ಯಾಂಕು ತೆಗೆದುಕೊಳ್ಳುವುದಿಲ್ಲ. ಮೂರು ದಿನಕ್ಕೊಮ್ಮೆ ಮೇಲಿನ ಕಲ್ಲು ಎತ್ತಿ, ಉಳಿಯಿಂದ ಅದರ ಮುಖಕ್ಕೆ ಗೆರೆ ಕೊರೆಯಬೇಕು. ಟಾಕಿ ಹೊಡೆಯುವುದು ಅನ್ನುತ್ತೇವೆ. ಅರ್ಧ ದಿನದ ಕೆಲಸ. ಸಾಲು ನಿಂತಿರುವಾಗ ಕಲ್ಲು ಎತ್ತುವುದು ಹೇಗೆ? ಎತ್ತಲಿಲ್ಲ. ಮುಖ ಸವೆದ ಕಲ್ಲು ಕಾಳನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹಿಟ್ಟು ಬಿಸಿಯಾಗಿ ಇಳಿಯತೊಡಗಿತು. ಕಾದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಅಂಚಿನಿಂದ ಸೀಳುತ್ತದೆ. ಹೆಂಗಸರು ಮುರಿದ ರೊಟ್ಟಿ ತಂದು ಬಾಗಿಲಲ್ಲಿ ತೋರಿಸಿದರು. ಅದರ ನಡುವೆ ಎರಡು ಯಂತ್ರದ ಭಾರಕ್ಕೆ ಪಟ್ಟಾ ಹರಿಯಿತು. ಹೊಸ ಪಟ್ಟಾಕ್ಕೆ ಡಬ್ಬಿಯ ತಳದಲ್ಲಿದ್ದ ಕೊನೆಯ ನೋಟುಗಳು ಹೋದವು.

ದಸರೆಯ ಮರುದಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೂಗುಹಾಕಿದೆ. ಇವತ್ತಿನಿಂದ ಸೇರಿಗೆ ಎಂಟಾಣೆ. ಎರಡು ಚೀಟಿಗೆ ಒಂದು ಸೇರು. ಚೀಟಿಗೆ ರೊಕ್ಕ ಕೊಡುವುದಿಲ್ಲ.

ಮೂರು ಸಾಲು ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಕ್ಷರಕ್ಕೆ ಯಾರೂ ಕೂಲಿ ಕೇಳಲಿಲ್ಲ.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಮಂದಿ ತೆಳುವಾದ ಮೇಲೆ ಗಡಿಗೆ ಹೊತ್ತು ಬಂದು, ತಕ್ಕಡಿಯ ಪಕ್ಕ ಕಟ್ಟುಗಳನ್ನು ಒಂದೊಂದಾಗಿ ಜೋಡಿಸಿದಳು. ಇಪ್ಪತ್ನಾಲ್ಕು.

“ಎಣಿಸ್ರಿ. ಮುಂದಿನ ವಾರ ಕಲಘಟಗಿಗೆ ಹೋಗ್ತೀನಿ.”

“ಅಕ್ಕಾ, ಈಗ ರೊಕ್ಕ ಇಲ್ಲ. ಹಲಗಿ ಮ್ಯಾಲೆ ಬರದೀನಿ.”

“ಏನಂತ ಬರದೀರಿ?”

ಹೇಳಿದೆ. ಅವಳು ಒಂದು ಕಟ್ಟಿನಿಂದ ಚೀಟಿ ಎಳೆದು ಮುದ್ರೆಯ ಮೇಲೆ ಬೆರಳಿಟ್ಟಳು. ಅಕ್ಷರ ಬಾರದಿದ್ದರೂ ಅಲ್ಲಿ ಏನಿದೆ ಅಂತ ಗೊತ್ತಿತ್ತು.

“ಇದು ಒಂದು ಅಲ್ಲೇನ್ರಿ?”

“ಒಂದ. ಆದ್ರ ಈಗ ಅರ್ಧ ಸೇರಿಗೆ ಬರತೈತಿ.”

“ಒಂದು ಅಂದ್ರ ಅರ್ಧ?”

“ಹಂಗಲ್ಲಕ್ಕಾ. ಅದರ ಮ್ಯಾಲೆ ಸೇರು ಅಂತ ಬರದಿಲ್ಲಲ್ಲ. ಬರೇ ಒಂದು ಅಂತ ಐತಿ.”

ಹೇಳಿ ಮುಗಿಸುವಾಗಲೇ ನನ್ನ ದನಿ ನನಗೆ ಬೇರೆ ಯಾರದ್ದೋ ಅನ್ನುವಂತೆ ಕೇಳಿಸಿತು. ಕೋರ್ಟಿನ ಕಟ್ಟೆಯ ಮೇಲೆ ಕೂಡುವವರ ದನಿ. ಆದರೂ ನಿಲ್ಲಿಸಲಿಲ್ಲ. “ರೊಕ್ಕ ಬಿಟ್ಟು ಬೀಸಿಸ್ಕೊ. ನಾಕನೂರಾ ಎಂಬತ್ತು ಸೇರು ಬೀಸಿ ಕೊಡ್ತೀನಿ. ಒಲ್ಲೆ ಅಂದ್ರ ಕೇಳು,” ಅಂದೆ.

“ನನಗ ಅಷ್ಟು ಹಿಟ್ಟು ಎದಕ್ರಿ?” ಅಂದಳು. “ನಾ ಒಬ್ಬಾಕಿ.”

ಕಟ್ಟುಗಳನ್ನು ಮತ್ತೆ ಗಡಿಗೆಗೆ ತುಂಬಿಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಸರಿಹೋಗುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ದೀಪಾವಳಿ ಕಳೆದು ಮಗಳು ಹೊರಟಳು. ಬಸ್ ನಿಲ್ಲುವ ಜಾಗ ಗಿರಣಿಯ ಎದುರಿಗೇ. ಕೂಸಿಗೆ ಒಂದು ಕುಲಾಯಿ, ಒಂದು ಕೌದಿ, ಮಡಚಿದ ಹಳೆಯ ಇಳಕಲ್ಲ ಸೀರೆ. ಸೀರೆ, ತೊಟ್ಟಿಲ ಬದಲಿಗೆ ಜೋಳಿಗೆ ಕಟ್ಟಲಿಕ್ಕೆ. ಬಸ್ಸಿನ ಮೇಲೆ ಏರಿಸುವಂಥದ್ದು ಏನೂ ಇರಲಿಲ್ಲ. ಕರೆಯಲು ಬಂದಿದ್ದ ಬೀಗಿತ್ತಿ ಬಸ್ಸಿನ ತಲೆಯ ಕಡೆ ನೋಡಿ, “ಮ್ಯಾಲೆ ಏನೂ ಏರಸೂದಿಲ್ಲೇನ್ರಿ? ಹಂಗಾರ ಹತ್ತೂಣು,” ಅಂದಳು. ಕಲ್ಲಿನ ಸದ್ದಿನಲ್ಲೂ ನನಗೆ ಕೇಳಿಸಿತು.

ಮರುದಿನ ಅಕ್ಕ ಎಂದಿನಂತೆ ಬಂದು ಬಾಗಿಲಲ್ಲಿ ಕುಳಿತಳು. ಒಬ್ಬಳು ಕಾಳು ಹಸನು ಮಾಡಿಸಿಕೊಂಡು ಎರಡು ಚೀಟಿ ಚಾಚಿದಳು. ಅಕ್ಕ ತಲೆ ಎತ್ತಲಿಲ್ಲ. ಸೆರಗು ಒಡ್ಡಿದಳು. “ಬೊಗಸಿ ಕಾಳು ಹಾಕು ತಂಗಿ. ಚೀಟಿ ಬ್ಯಾಡ.”

ಅಷ್ಟೇ ಅಂದದ್ದು. ಗಿರಣಿಯ ಬಾಗಿಲಲ್ಲೇ ಚೀಟಿ ಬೇಡ ಅಂದ ಮೇಲೆ ಇನ್ನು ಯಾರು ಹಿಡಿಯುತ್ತಾರೆ? ಎಂಟು ದಿನದೊಳಗೆ ಕ್ಷೌರದವನು ಜೋಳ ಕೇಳಿದ, ಚಾದಂಗಡಿಯವನು ಉದ್ದರಿ ಬರೆಯುವುದೂ ಬಿಟ್ಟ. ಚಿಲ್ಲರೆ ಮೊದಲೇ ಇರಲಿಲ್ಲ, ಈಗ ಚೀಟಿಯೂ ಇಲ್ಲ. ಹೂವು ಮಾರುವವಳು ಊರಿಗೆ ಬರುವುದನ್ನೇ ನಿಲ್ಲಿಸಿದಳು. ಕೆಲಸ ಮಾಡುವ ಕೈ ಇದ್ದವು, ಮಾಡಿಸಿಕೊಳ್ಳುವವರು ಇದ್ದರು. ಇಬ್ಬರ ನಡುವೆ ದಾಟಿಸಲು ಏನೂ ಇರಲಿಲ್ಲ. ನನ್ನ ಮುದ್ರೆ ಇಲ್ಲದೆಯೂ ಆ ಊರು ನಡೆದಿತ್ತು. ನಾನು ಅದಕ್ಕೊಂದು ರೂಢಿ ಹಚ್ಚಿ, ಆ ರೂಢಿಯನ್ನೇ ಕೆಡಿಸಿದ್ದೆ.

ಆ ಕೆಲವು ವಾರ ನಾನು ಸಿಟ್ಟಿನಲ್ಲೇ ಇದ್ದೆ. ಎಲ್ಲರ ಮೇಲೂ. ಒಂದು ಮುಂಜಾನೆ ಕೊನೆಗೂ ಕಲ್ಲು ಎತ್ತಿ ಟಾಕಿ ಹೊಡೆಯಲು ಕುಳಿತೆ. ಆ ಕೆಲಸದಲ್ಲಿ ಮಾತಿಲ್ಲ. ಗೆರೆಯ ಪಕ್ಕ ಗೆರೆ, ಅಷ್ಟೇ. ಬಾಗಿಲಲ್ಲಿ ಅವಳ ಮೊರದ ಸದ್ದು, ಒಳಗೆ ನನ್ನ ಉಳಿಯ ಸದ್ದು. ಕಲ್ಲಿಗೆ ಮುಖ ಬರುವಷ್ಟರಲ್ಲಿ ತೀರ್ಮಾನ ಆಗಿತ್ತು. ಖಾರದ ಯಂತ್ರ ಮಾರುವುದು. ಒತ್ತಿದ ಪ್ರತಿಯೊಂದು ಚೀಟಿಯನ್ನೂ ಪೂರ್ತಿ ಬೆಲೆಗೆ ತಿರುಗಿ ಕೊಳ್ಳುವುದು.

ಕುಂದಗೋಳದ ಕಡೆಯವನೊಬ್ಬ ಯಂತ್ರ ನೋಡಿ, ನನ್ನ ಅವಸರವನ್ನೂ ನೋಡಿ, ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಟ್ಟ. ಅದು ಸಾಲದೆ ಗಿರಣಿಯ ಹಿಂದಿನ ಜಾಗದ ಒಂದು ಪಟ್ಟಿಯನ್ನೂ ಮಾರಿದೆ. ಬ್ಯಾಂಕಿನ ಕಂತು ಹಾಗೆಯೇ ಉಳಿಯಿತು. ಇಲ್ಲದ ಯಂತ್ರಕ್ಕೆ ಮುಂದೆ ಮೂರು ವರ್ಷ ಕಟ್ಟಿದೆ. ಸಂಕ್ರಾಂತಿ ಮುಗಿದ ಮೇಲೆ ಊರಲ್ಲಿ ಡಂಗುರ ಹೊಡೆಸಿದೆ: ನಾಲ್ಕು ಚೀಟಿಗೆ ಒಂದು ರೂಪಾಯಿ. ಹನ್ನೊಂದು ದಿನ ಜನ ಬಂದರು. ಯಾರೂ ಶಭಾಷ್ ಅನ್ನಲಿಲ್ಲ. ಯಾಕೆ ಅನ್ನಬೇಕು? ಎರಡಕ್ಕೆ ಒಂದರಂತೆ ಚೀಟಿ ಕಳೆದುಕೊಂಡವರು ಬಡವರು. ಅವನ್ನು ಅಗ್ಗಕ್ಕೆ ಹಿಡಿದಿಟ್ಟ ಅಂಗಡಿಯವರು ಪೂರ್ತಿ ಎಣಿಸಿಕೊಂಡು ಹೋದರು. ತಿರುಗಿ ಬಂದ ಚೀಟಿಯನ್ನೆಲ್ಲ ಎಂಜಿನ್ನಿನ ಹಿಂದೆ ಗುಡ್ಡೆ ಹಾಕಿ ಸುಟ್ಟೆ. ಹೊಗೆ ನೇರಳೆ ಇರುತ್ತದೋ ಏನೋ ಅಂದುಕೊಂಡಿದ್ದೆ. ಎಲ್ಲ ಹೊಗೆಯಂತೆಯೇ ಇತ್ತು.

ಅಕ್ಕನನ್ನು ನಾನೇ ಕರೆದೆ. ಗಡಿಗೆ ತಂದಳು. ಕೊನೆಯ ಕಟ್ಟಿನಲ್ಲಿ ಮೂವತ್ತೊಂಬತ್ತು ಇದ್ದವು.

“ಒಂದು ಎಲ್ಲೈತಿ ಅಕ್ಕಾ?”

“ಕಲಘಟಗ್ಯಾಗ ಐತ್ರಿ.”

“ಕಲಘಟಗ್ಯಾಗ?”

“ಹೂಂ,” ಅಂದಳು. ಇನ್ನೂರ ಮೂವತ್ತೊಂಬತ್ತು ರೂಪಾಯಿ, ಹನ್ನೆರಡಾಣೆ ಎಣಿಸಿಕೊಂಡು ಗಂಟು ಹಾಕಿಕೊಂಡಳು.

ಒಂದು ಚೀಟಿ ಹೊರಗೆ ಉಳಿದಿದೆ ಅನ್ನುವುದು ನನಗೆ ಹಲ್ಲಿನಲ್ಲಿ ಸಿಕ್ಕ ಎಳೆಯಂತಾಯಿತು. ಶಿವರಾತ್ರಿ ಕಳೆದ ಮೇಲೆ ಎರಡು ಬಸ್ ಬದಲಿಸಿ ಕಲಘಟಗಿಗೆ ಹೋದೆ. ತೊಟ್ಟಿಲು ಮಾಡುವವರ ಮನೆ ಕೇಳಿಕೊಂಡು ಹೋದಾಗ, ಹಿರಿಯರೊಬ್ಬರು ಪಡಸಾಲೆಯಲ್ಲಿ ಕುಳಿತು ಅರಗಿನ ಬಣ್ಣ ಕಾಸಿ ಹಲಗೆಗೆ ಬಳಿಯುತ್ತಿದ್ದರು. ತಿರ್ಲಾಪುರ ಅಂದೊಡನೆ ಕೈ ನಿಲ್ಲಿಸಿದರು.

“ದೀಪಾವಳಿ ಮುಂದ ಒಬ್ಬಾಕಿ ಹೆಣ್ಮಗಳು ಬಂದಿದ್ಲು, ತಲಿ ಮ್ಯಾಲೆ ಗಡಿಗಿ ಹೊತ್ಕೊಂಡು. ತೊಟ್ಟಿಲಾ ಬೇಕು ಅಂದ್ಲು. ರೊಕ್ಕ ತಗಿಯವ್ವಾ ಅಂದ್ರ ಗಡಿಗಿಯಿಂದ ರಟ್ಟು ತಗದು ಇಟ್ಲು. ಹುಡುಗ್ರು ನಕ್ಕಬಿಟ್ರು. ನಾ ಬೈದು ಸುಮ್ಮ ಕೂಡಿಸಿದೆ.”

“ಏನಂದ್ಲ್ರಿ?”

“ಮಠದ ಹುಂಡ್ಯಾಗ ನಡೀತಾವು, ಇಲ್ಲಿ ಯಾಕ ನಡ್ಯಂಗಿಲ್ಲ ಅಂದ್ಲು. ನಮ್ಮ ಗಿರಣಿ ಅಣ್ಣಾರು ಹೇಳ್ಯಾರ, ನೋಟು ಹರೀತೈತಿ, ಅವರ ಮಾತು ಹರಿಯೂದಿಲ್ಲ ಅಂತ, ಅಂದ್ಲು.” ಅವರು ಕುಂಚವನ್ನು ಅರಗಿನಲ್ಲಿ ಅದ್ದಿದರು. “ಎರಡು ಬಸ್ ಬದಲಿ ಮಾಡಿ ಬಂದಾಕಿ. ಬರೇ ಕೈಲೆ ಕಳಿಸಾಕ ಮನಸ್ಸು ಬರಲಿಲ್ಲ. ಇರ್ಲಿ ಬಿಡವ್ವಾ, ಒಂದು ಮುಂಗಡ ಅಂತ ಇಟ್ಟು ಹೋಗು, ಉಳಿದದ್ದು ನೋಟು ತಗೊಂಡು ಬಾ ಅಂದೆ. ಸಾಗವಾನಿ ಕೊಯ್ದೂ ಇಟ್ಟಿದ್ದೆ. ಬರಲಿಲ್ಲ. ಬ್ಯಾರೇದವ್ರಿಗೆ ಕೊಟ್ಟೆ.”

ಗೂಡಿನಿಂದ ಚೀಟಿ ತೆಗೆದು ಕೊಟ್ಟರು. ಅಂಚಿಗೆ ಕೆಂಪು ಬಣ್ಣ ತಾಗಿತ್ತು. ನಾನು ಜೇಬಿನಿಂದ ನಾಲ್ಕಾಣೆ ತೆಗೆದೆ.

“ಇರ್ಲಿ ಬಿಡ್ರಿ,” ಅಂದರು ಅವರು, ನನ್ನನ್ನು ಯಾರೆಂದು ಕೇಳದೆ. “ನಮ್ಮೂರಾಗ ಇದಕ್ಕ ಬೆಲಿ ಇಲ್ಲ. ಹಂಗ ಒಯ್ರಿ.”

ಊರಿಗೆ ಬಂದು ಅದನ್ನು ಅಕ್ಕನ ಮುಂದೆ ಹಿಡಿದೆ, ಜೊತೆಗೆ ನಾಲ್ಕಾಣೆ. ತೊಟ್ಟಿಲು ಮಾಡಿಸಿ ತರಿಸುತ್ತೇನೆ ಅಂತಲೂ ಅಂದೆ. ಅವಳು ಎರಡನ್ನೂ ಮುಟ್ಟಲಿಲ್ಲ.

“ಚೀಟಿ ಕೊಟ್ಟಾತ್ರಿ. ಕೊಟ್ಟ ಮ್ಯಾಲೆ ನಂದಲ್ಲ. ತೊಟ್ಟಿಲ ಎದಕ್ರಿ ಈಗ? ಜೋಳಗ್ಯಾಗ ಬೆಳದೈತಿ ಕೂಸು. ಅಂಬೆಗಾಲು ಇಡತೈತಂತ.” ‘ಅಂತ’ ಅಂದಳು. ಕಂಡಿರಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಗಿರಣಿಯ ತುಂಬ ಕಡಲೆ ಬೀಸುವ ಗದ್ದಲ. ಅಕ್ಕ ಎಲ್ಲರ ಕಡಲೆಯನ್ನೂ ಹಸನು ಮಾಡಿದಳು. ಅವಳ ಮಗಳನ್ನು ಬೀಗರು ಕಳಿಸಲಿಲ್ಲ. ತೊಟ್ಟಿಲಿಲ್ಲದ ತವರಿಗೆ ಜೋಕಾಲಿ ಯಾತಕ್ಕ ಅಂತ ಬೀಗಿತ್ತಿ ಅಂದಳಂತೆ. ಅಕ್ಕನ ಬಾಯಿಂದ ನಾನು ಅದನ್ನು ಕೇಳಲಿಲ್ಲ.

ಹಬ್ಬದ ಹಿಂದಿನ ಸಂಜೆ ಮಂದಿಯೆಲ್ಲ ಹೋದ ಮೇಲೆ ಅವಳು ಒಂದು ಸೇರು ಕಡಲೆ ತಂದು ತಕ್ಕಡಿಯ ಹತ್ತಿರ ಇಟ್ಟಳು. ಬೊಗಸೆ ಬೊಗಸೆಯಾಗಿ ಕೂಡಿಸಿದ್ದು. ಹಸನು ಮಾಡಿದ್ದು ಎಷ್ಟು ಚಂದ ಇತ್ತು ಅಂದರೆ ಒಂದು ಹೊಟ್ಟೂ ಇರಲಿಲ್ಲ.

“ಉಂಡಿ ಕಟ್ಟಿ ಕಳಸ್ತೀನ್ರಿ. ಅಣ್ಣಿಗೇರಿ ಕಡೆ ಹೋಗಾವ್ರು ಯಾರರೆ ಸಿಗತಾರ.”

ಬೀಸಿದೆ. ಕಲ್ಲಿಗೆ ಹಿಂದಿನ ದಿನವೇ ಟಾಕಿ ಹೊಡೆದಿದ್ದೆ, ಹಿಟ್ಟು ತಣ್ಣಗೆ ಇಳಿಯಿತು. ಗೂಡಿನಲ್ಲಿಟ್ಟಿದ್ದ ಕೆಂಪಂಚಿನ ಚೀಟಿ ತೆಗೆದು, “ನಿನ್ನದೊಂದು ಉಳದೈತಿ ಅಕ್ಕಾ. ಇದರಾಗ ಹೋತು,” ಅಂದೆ.

ಅವಳು ತಲೆ ಅಲ್ಲಾಡಿಸಿದಳು. ಸೆರಗಿನ ಗಂಟು ಬಿಚ್ಚಿ ಎಂಟಾಣೆ ತೆಗೆದು ಹಲಗೆಯ ಮೇಲಿಟ್ಟಳು. ಹಿಟ್ಟಿನ ಡಬ್ಬಿಗೆ ಬಟ್ಟೆ ಕಟ್ಟಿಕೊಂಡು ಹೋದಳು.

ಚೀಟಿ ಅದೇ ಗೂಡಿನಲ್ಲಿದೆ. ಅವಳದ್ದಲ್ಲ, ಕೊಟ್ಟುಬಿಟ್ಟಿದ್ದಾಳೆ. ಕಲಘಟಗಿಯ ಹಿರಿಯರದ್ದಲ್ಲ, ಹಾಗೇ ಒಯ್ಯಿರಿ ಅಂದರು. ನಾನು ಕೊಂಡಿಲ್ಲ, ನನ್ನದೂ ಅಲ್ಲ. ನೇರಳೆ ಮಸಿ ಮಾಸಿ ಗಿರಣಿಯ ಹೆಸರು ಹೋಗಿದೆ. ಒಂದು ಅನ್ನುವುದು ಮಾತ್ರ ಈಗಲೂ ಓದಲು ಬರುತ್ತದೆ. ಯಾರದ್ದೂ ಅಲ್ಲ ಅದು.